ಬಳಚು ಬೇಕು, ಆದರೆ ಈ ದಂಡೆಯದಲ್ಲ

ಜರ್ಸಿ ಸಿಟಿಯಲ್ಲಿರುವ ಕರಾವಳಿ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ



ಮಂಗಳೂರು, ಉಡುಪಿ ಕಡೆಯವರು ನೀವು ಹೊಳೆಯ ಚಿಪ್ಪುಜೀವಿಗೆ ಮರುವಾಯಿ ಅನ್ನುತ್ತೀರಿ. ಕುಮಟಾ ಕಡೆಯವರಾದ ನಮಗೆ ಅದು ಬಳಚು. ಕೊಂಕಣಿ ಮನೆಗಳಲ್ಲಿ ತಿಸ್ರೆ, ಇಲ್ಲಿಯವರ ಬಾಯಲ್ಲಿ ಕ್ಲಾಮ್. ಹೆಸರು ಏನೇ ಇರಲಿ, ಆಸೆ ಒಂದೇ. ನೆವಾರ್ಕ್ ಅವೆನ್ಯೂ ಅಂಗಡಿಗಳಲ್ಲಿ ಬ್ಯಾಡಗಿ ಮೆಣಸು ಸಿಗುತ್ತದೆ, ತೆಂಗಿನ ತುರಿ ಫ್ರೀಜರಿನಲ್ಲಿ ಸಿಗುತ್ತದೆ, ಕುಚ್ಚಲಕ್ಕಿಯೂ ಸಿಗುತ್ತದೆ. ಇಷ್ಟೆಲ್ಲ ಸಿಕ್ಕ ಮೇಲೂ ಒಂದು ಭಾನುವಾರ ಮಧ್ಯಾಹ್ನ ಚಿಪ್ಪಿನ ಸಮೇತ ಸುಕ್ಕ ಮಾಡಿ, ಬೆರಳು ನೆಕ್ಕುತ್ತ, ತಟ್ಟೆಯ ಪಕ್ಕದಲ್ಲಿ ಖಾಲಿ ಚಿಪ್ಪಿನ ಗುಡ್ಡೆ ಹಾಕುವ ಸುಖ ಮಾತ್ರ ಬಾಕಿ ಉಳಿಯುತ್ತದೆ. ಆ ಸುಖ ಇಲ್ಲಿಯೂ ಸಿಗುತ್ತದೆ ಎಂದು ಹೇಳಲಿಕ್ಕೇ ಈ ಪತ್ರ. ಎಲ್ಲಿ ಸಿಗುವುದಿಲ್ಲ, ಎಲ್ಲಿ ಕೈ ಹಾಕಲೇಬಾರದು ಎಂಬುದನ್ನು ಅದಕ್ಕಿಂತ ಮೊದಲು ಹೇಳಬೇಕಾಗಿದೆ.

ಕಾರಣ ನಮ್ಮ ಅವ್ವ. ಅವಳು ಮೊದಲ ಸಲ ಬೇಸಿಗೆಗೆ ಇಲ್ಲಿಗೆ ಬಂದಾಗ ದಿನಾ ಸಂಜೆ ಲಿಬರ್ಟಿ ಸ್ಟೇಟ್ ಪಾರ್ಕಿಗೆ ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಒಳ್ಳೆಯ ಇಳಿತ. ನೀರು ನಾಲ್ಕೈದು ಅಡಿ ಕೆಳಗಿಳಿದು ಕಲ್ಲು, ಕೆಸರು, ಹುಲ್ಲಿನ ಬುಡ ಎಲ್ಲ ಬಯಲಾಗಿತ್ತು. ನಾನು ಫೋನಿನಲ್ಲಿ ಸ್ವಾತಂತ್ರ್ಯ ದೇವಿಯ ಫೋಟೋ ತೆಗೆಯುತ್ತಿದ್ದೆ. ತಿರುಗಿ ನೋಡಿದರೆ ಅವ್ವ ಸೀರೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಕಲ್ಲಿನ ಸಂದಿಯಲ್ಲಿ ಬಗ್ಗಿದ್ದಾಳೆ. “ಇಷ್ಟೆಲ್ಲ ನೀಲಕಲ್ಲು ಬಿದ್ದುಕೊಂಡಿದೆಯಲ್ಲೇ, ಈ ಊರಲ್ಲಿ ಯಾರಿಗೂ ಬೇಡವಾ?” ಎಂದಳು. ನೀಲಕಲ್ಲು ಎಂದರೆ ಕಲ್ಲಿಗೆ ಅಂಟಿಕೊಳ್ಳುವ ಚಿಪ್ಪುಜೀವಿ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಅಘನಾಶಿನಿಯ ದಂಡೆಯಲ್ಲಿ ಬೆಳೆದ ಹೆಂಗಸಿಗೆ ಇಳಿತ ಎಂದರೆ ಮಾರ್ಕೆಟ್ ತೆರೆದ ಹಾಗೆ. ಯಾರಿಗೂ ಬೇಡವಾ ಎಂಬ ಪ್ರಶ್ನೆಗೆ ಆವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಚೀಲ ಕಸಿದುಕೊಂಡು ಕಲ್ಲಿಗೇ ಸುರಿದೆ, ಅಷ್ಟೇ. ಈಚೆಗೆ ನಿಮ್ಮಲ್ಲಿ ಕೆಲವರು ಅದೇ ದಂಡೆ, ಅದೇ ಇಳಿತದ ಬಗ್ಗೆ ಆಸೆಯಿಂದ ಮಾತಾಡುವುದನ್ನು ಕೇಳಿದೆ. ಅವ್ವನಿಗೆ ಆಮೇಲೆ ಕೊಟ್ಟ ಉತ್ತರವನ್ನು ನಿಮಗೂ ಕೊಡುತ್ತೇನೆ.

ಈ ಊರಲ್ಲಿ ಒಂದು ಕಾಲಕ್ಕೆ ಎಲ್ಲರಿಗೂ ಬೇಕಾಗಿತ್ತು. ಲಿಬರ್ಟಿ ದ್ವೀಪವನ್ನು ಹಿಂದೆ ದೊಡ್ಡ ಸಿಂಪಿ ದ್ವೀಪ ಎಂದೂ ಎಲ್ಲಿಸ್ ದ್ವೀಪವನ್ನು ಚಿಕ್ಕ ಸಿಂಪಿ ದ್ವೀಪ ಎಂದೂ ಕರೆಯುತ್ತಿದ್ದರು. ಈಗ ಪಾರ್ಕ್ ಇರುವ ಕಮ್ಯೂನಿಪಾ ದಂಡೆ ಸಿಂಪಿಗೆ ಹೆಸರುವಾಸಿಯಾಗಿತ್ತು. ಡಚ್ಚರು ಬರುವ ಮೊದಲು ಲೆನಾಪೆ ಜನ ಇಲ್ಲಿ ಸಿಂಪಿಯನ್ನೂ ಕ್ಲಾಮನ್ನೂ ತಿಂದು, ನಮ್ಮ ಹಾಗೆಯೇ ಚಿಪ್ಪಿನ ಗುಡ್ಡೆ ಹಾಕಿದವರು. ಊರು ಬೆಳೆಯಿತು, ಚರಂಡಿ ಬೆಳೆಯಿತು. 1924ರ ಚಳಿಗಾಲದಲ್ಲಿ ಹೊಲಸು ನೀರಿನ ಸಿಂಪಿ ತಿಂದು ಹಲವು ನಗರಗಳಲ್ಲಿ ಟೈಫಾಯ್ಡ್ ಹರಡಿತು. ಆ ಗದ್ದಲದಿಂದಲೇ 1925ರಲ್ಲಿ ಅಮೆರಿಕದ ಚಿಪ್ಪುಜೀವಿ ನೈರ್ಮಲ್ಯ ಕಾರ್ಯಕ್ರಮ ಹುಟ್ಟಿತು. 1927ರ ಹೊತ್ತಿಗೆ ನ್ಯೂಯಾರ್ಕ್ ಬಂದರಿನ ಸಿಂಪಿ ಹಾಸುಗಳಿಗೆ ಬಾಗಿಲು ಬಿತ್ತು. 1961ರಲ್ಲಿ ನಮ್ಮ ದಕ್ಷಿಣಕ್ಕಿರುವ ರಾರಿಟನ್ ಕೊಲ್ಲಿಯ ಕ್ಲಾಮುಗಳನ್ನು ಹಸಿಯಾಗಿ ತಿಂದವರಿಗೆ ಸೋಂಕಿನ ಕಾಮಾಲೆ ಬಂತು. ಆ ಕೊಲ್ಲಿಯನ್ನೂ ಮುಚ್ಚಿದರು.

ಇದೆಲ್ಲ ಹಳೆಯ ಕಥೆ ಅನ್ನಬೇಡಿ. ಜರ್ಸಿ ಸಿಟಿಯಲ್ಲಿ ಇವತ್ತಿಗೂ ಮಳೆನೀರು ಮತ್ತು ಶೌಚದ ನೀರು ಒಂದೇ ಪೈಪಿನಲ್ಲಿ ಹೋಗುವ ಜಾಗಗಳಿವೆ. ಜೋರು ಮಳೆ ಬಂದರೆ ಪೈಪು ತುಂಬಿ ಎರಡೂ ಸೇರಿ ನದಿಗೆ ಬೀಳುತ್ತವೆ. ಪೂರ್ವಕ್ಕೆ ಹಡ್ಸನ್. ಅದರ ಮೇಲ್ಭಾಗದ ಎರಡು ಕಾರ್ಖಾನೆಗಳಿಂದ 1947ರಿಂದ 1977ರವರೆಗೆ ಪಿಸಿಬಿ ಎಂಬ ರಾಸಾಯನಿಕ ಹರಿಯಿತು. ಆ ನದಿಯ ಇನ್ನೂರು ಮೈಲಿಗೂ 1984ರಲ್ಲಿ, ಅತಿ ಮಲಿನ ಜಾಗಗಳಿಗೆ ಅಂಟಿಸುವ ಸೂಪರ್‌ಫಂಡ್ ಹಣೆಪಟ್ಟಿ ಬಿತ್ತು. ಪಶ್ಚಿಮಕ್ಕೆ ನೆವಾರ್ಕ್ ಕೊಲ್ಲಿ. ವಿಯೆಟ್ನಾಂ ಯುದ್ಧದ ಏಜೆಂಟ್ ಆರೆಂಜ್‌ಗೆ ಬೇಕಾದ ರಾಸಾಯನಿಕ ತಯಾರಿಸಿದ ಕಾರ್ಖಾನೆಯ ಡಯಾಕ್ಸಿನ್ ಎಂಬ ವಿಷ ಪಸ್ಸಾಯಿಕ್ ನದಿಯ ಮೂಲಕ ಅಲ್ಲಿಗೆ ಬಂದು ಕೆಸರಲ್ಲಿ ಕೂತಿದೆ. ಅಲ್ಲಿಯ ನೀಲಿ ಏಡಿಯನ್ನು ತಿನ್ನುವುದಷ್ಟೇ ಅಲ್ಲ, ಹಿಡಿಯುವುದಕ್ಕೂ ನಿಷೇಧ ಇದೆ. ದಂಡೆಯಲ್ಲಿ ಹಲವು ಭಾಷೆಗಳಲ್ಲಿ ಬೋರ್ಡು ನಿಲ್ಲಿಸಿದ್ದಾರೆ. ಅದರಲ್ಲಿ ಕನ್ನಡ ಇಲ್ಲ. ಆ ಬೋರ್ಡಿನ ಕೆಲಸವನ್ನೂ ಈ ಪತ್ರ ಮಾಡಲಿ.

“ಚೆನ್ನಾಗಿ ಕುದಿಸಿದರಾಯಿತಲ್ಲ” ಎನ್ನುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ಅವ್ವನೂ ಅದನ್ನೇ ಅಂದಳು. ಬಳಚು ಬಾಯಿ ತೆರೆದು ನೀರು ಎಳೆದುಕೊಂಡು, ಅದರಲ್ಲಿರುವ ಸಣ್ಣ ಪಾಚಿಯನ್ನು ಸೋಸಿ ತಿಂದು, ನೀರನ್ನು ಹೊರಗೆ ಬಿಡುವ ಪ್ರಾಣಿ. ದಿನಕ್ಕೆ ಹತ್ತಾರು ಲೀಟರ್ ನೀರು ಅದರೊಳಗೆ ಹಾದುಹೋಗುತ್ತದೆ. ಪಾಚಿ ಹೊಟ್ಟೆಗೆ ಹೋಗುವ ದಾರಿಯಲ್ಲೇ ರೋಗಾಣು, ಸೀಸ, ಪಾದರಸ, ಡಯಾಕ್ಸಿನ್ ಎಲ್ಲವೂ ಹೋಗುತ್ತವೆ. ಕುದಿಸಿದರೆ ರೋಗಾಣು ಸಾಯುತ್ತದೆ. ಸೀಸವನ್ನೂ ಡಯಾಕ್ಸಿನ್ನನ್ನೂ ಕೊಲ್ಲುವ ಒಲೆ ನಮ್ಮ ಯಾರ ಮನೆಯಲ್ಲೂ ಇಲ್ಲ.

ಸರಕಾರ ಇದಕ್ಕೆ ಎಷ್ಟು ಹೆದರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕೀಪೋರ್ಟ್ ಎಂಬಲ್ಲಿ ಒಂದು ಪರಿಸರ ಸಂಸ್ಥೆ ನೀರು ಶುದ್ಧಮಾಡಲೆಂದು ಸಿಂಪಿ ಬೆಳೆಸುತ್ತಿತ್ತು. ತಿನ್ನಲಿಕ್ಕಲ್ಲ, ಪ್ರಯೋಗಕ್ಕೆ. ಯಾರಾದರೂ ಕದ್ದು ತಿಂದು ಕಾಯಿಲೆ ಬಿದ್ದರೆ ಇಡೀ ನ್ಯೂಜರ್ಸಿಯ ಚಿಪ್ಪುಜೀವಿ ವ್ಯಾಪಾರವೇ ಕೆಡುತ್ತದೆಂದು ರಾಜ್ಯ 2010ರಲ್ಲಿ ಅದನ್ನು ಕೀಳಿಸಿತು. ಮರುವರ್ಷ ಅದೇ ಪ್ರಯೋಗ ನೌಕಾಪಡೆಯ ಅರ್ಲ್ ಶಸ್ತ್ರಾಗಾರದ ಕಟ್ಟೆಯ ಬಳಿ, ಬಂದೂಕಿನ ಕಾವಲಿರುವ ನೀರಿನಲ್ಲಿ ಮತ್ತೆ ಶುರುವಾಯಿತು. ಸಿಂಪಿಗೆ ಸೈನಿಕರ ಕಾವಲು! ಈ ನೀರು ಎಂಥದ್ದೆಂದು ಅವ್ವನಿಗೆ ಅರ್ಥವಾದದ್ದು ನನ್ನ ಡಯಾಕ್ಸಿನ್ ಪಾಠದಿಂದಲ್ಲ, ಈ ಕಥೆಯಿಂದ.

ಹಾಗಾದರೆ ಎಲ್ಲಿ? ದಕ್ಷಿಣಕ್ಕೆ, ಬಾರ್ನಗಟ್ ಕೊಲ್ಲಿಗೆ. ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು 82ನೇ ಎಕ್ಸಿಟ್‌ನಲ್ಲಿ ಇಳಿದು, 37ನೇ ರಸ್ತೆಯಲ್ಲಿ ಸೇತುವೆ ದಾಟಿ ಬಲಕ್ಕೆ ತಿರುಗಿದರೆ ಐಲ್ಯಾಂಡ್ ಬೀಚ್ ಸ್ಟೇಟ್ ಪಾರ್ಕ್. ನಮ್ಮಿಂದ ಸುಮಾರು 70 ಮೈಲು. ಒಂದು ಬದಿಗೆ ಅಟ್ಲಾಂಟಿಕ್, ಇನ್ನೊಂದು ಬದಿಗೆ ಕೊಲ್ಲಿ, ನಡುವೆ ಹತ್ತು ಮೈಲಿ ಉದ್ದದ ಮರಳಿನ ಪಟ್ಟಿ. ನೋಡಿದರೆ ಮರವಂತೆ ನೆನಪಾಗುತ್ತದೆ. ಬೇಸಿಗೆಯ ಶನಿವಾರ ತಡವಾಗಿ ಹೊರಟರೆ ಪಾರ್ಕು ತುಂಬಿ ಗೇಟು ಹಾಕಿರುತ್ತಾರೆ. ಆದ್ದರಿಂದ ಇಡ್ಲಿ ಕಟ್ಟಿಕೊಂಡು ನಸುಕಿನಲ್ಲೇ ಹೊರಡಿ.

ಅದಕ್ಕೂ ಮೊದಲು ಲೈಸೆನ್ಸ್. ಸಮುದ್ರ ಮೀನುಗಾರಿಕೆಗೆ ಮಾಡಿಸುವ ಉಚಿತ ನೋಂದಣಿ ಇದಕ್ಕೆ ನಡೆಯುವುದಿಲ್ಲ. ಚಿಪ್ಪುಜೀವಿಗೇ ಬೇರೆ ಲೈಸೆನ್ಸ್ ಇದೆ, ಬೆಲೆ ಒಂದು ಹೊತ್ತಿನ ಹೋಟೆಲ್ ಊಟದಷ್ಟೂ ಇಲ್ಲ. ಮರಳು ಕೆದಕುವ ರೇಕ್ ಹಿಡಿಯುವ ಪ್ರತಿಯೊಬ್ಬರಿಗೂ ಬೇಕು, ಮಕ್ಕಳಿಗೂ ಬೇರೆ ದರದಲ್ಲಿ ಇದೆ. ಊರಿನಿಂದ ಬಂದ ಅಪ್ಪ ಅಮ್ಮ ಈ ರಾಜ್ಯದ ನಿವಾಸಿಗಳಲ್ಲ, ಆದ್ದರಿಂದ ಅವರಿಗೆ ಹೊರಗಿನವರ ಲೈಸೆನ್ಸ್, ಸ್ವಲ್ಪ ದುಬಾರಿ. “ನೋಡ್ತಾ ನಿಂತಿದ್ದೆ ಸರ್, ಸುಮ್ಮನೆ ಎರಡು ಹೆಕ್ಕಿದೆ” ಎಂಬ ಮಾತು ತಪಾಸಣೆಗೆ ಬರುವ ವಾರ್ಡನ್ ಮುಂದೆ ನಡೆಯುವುದಿಲ್ಲ.

ಒಬ್ಬರಿಗೆ ದಿನಕ್ಕೆ 150 ಕ್ಲಾಮ್, ಅದಕ್ಕಿಂತ ಹೆಚ್ಚಿಲ್ಲ. ಒಂದೂವರೆ ಇಂಚಿಗಿಂತ ಚಿಕ್ಕದನ್ನು ಅಲ್ಲೇ ಮರಳಿಗೆ ಬಿಡಬೇಕು. ಸೂರ್ಯ ಹುಟ್ಟುವ ಮೊದಲೂ ಇಲ್ಲ, ಮುಳುಗಿದ ಮೇಲೂ ಇಲ್ಲ. ಮಾರುವಂತಿಲ್ಲ. ನೀರಿನಲ್ಲಿ ಗೂಟ ನೆಟ್ಟು ಗುರುತು ಮಾಡಿದ ಜಾಗ ಕಂಡರೆ ಅದು ಯಾರೋ ಗುತ್ತಿಗೆ ಹಿಡಿದು ಬೆಳೆಸಿದ ಕ್ಲಾಮಿನ ಗದ್ದೆ. ಕಂಡವರ ಗದ್ದೆಗೆ ಕತ್ತಿ ಹಾಕಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು ನಕ್ಷೆ. ರಾಜ್ಯದ ಪರಿಸರ ಇಲಾಖೆ ಕೊಲ್ಲಿಕೊಲ್ಲಿಯ ನೀರು ಪರೀಕ್ಷೆ ಮಾಡಿ, ಯಾವ ನೀರು ವರ್ಷವಿಡೀ ತೆರೆದಿದೆ, ಯಾವುದು ಚಳಿಗಾಲಕ್ಕೆ ಮಾತ್ರ, ಯಾವುದು ಸದಾ ಮುಚ್ಚಿದೆ ಎಂದು ಬಣ್ಣ ಹಾಕಿ ತೋರಿಸುತ್ತದೆ. ನೀರು ಕಣ್ಣಿಗೆ ಸ್ಫಟಿಕದ ಹಾಗೆ ಕಾಣಬಹುದು. ಮರಿನಾ ಪಕ್ಕದ ನೀರು, ಮನೆಗಳ ಸಾಲಿನ ಹಿಂದಿನ ಕಾಲುವೆ ಎಲ್ಲ ಹಾಗೆಯೇ ಕಾಣುತ್ತವೆ. ಕಣ್ಣನ್ನು ನಂಬಬೇಡಿ, ನಕ್ಷೆಯನ್ನು ನಂಬಿ. ಹೊರಡುವ ಬೆಳಿಗ್ಗೆಯೇ ನೋಡಿ, ಏಕೆಂದರೆ ಬಿರುಗಾಳಿ, ದೊಡ್ಡ ಮಳೆಯಾದ ಮೇಲೆ ತೆರೆದ ನೀರನ್ನೂ ಮುಚ್ಚುವುದುಂಟು. 2012ರ ಸ್ಯಾಂಡಿ ಚಂಡಮಾರುತದ ನಂತರ ಹಾಗೆಯೇ ಆಯಿತು.

ಈ ನಿಯಮಗಳ ಪಟ್ಟಿ ಓದಿ ನಿಮಗೆ ಬೇಸರ ಬಂದಿರಬಹುದು. ಊರಲ್ಲಿ ಯಾರನ್ನು ಕೇಳಿ ಬಳಚು ತೆಗೆದೆವು ಎನಿಸಬಹುದು. ಆದರೆ ಊರಲ್ಲೂ ನಿಯಮ ಇತ್ತು, ಬರೆದಿಟ್ಟಿರಲಿಲ್ಲ ಅಷ್ಟೇ. ನಮ್ಮಜ್ಜಿ ಕೈಗೆ ಬಂದ ಸಣ್ಣ ಬಳಚನ್ನು ನೋಡದೆಯೇ ಹಿಂದಕ್ಕೆ ಎಸೆಯುತ್ತಿದ್ದಳು. ಅವಳಿಗೆ ಅಳತೆಪಟ್ಟಿ ಬೇಕಾಗಿರಲಿಲ್ಲ, ಬೆರಳೇ ಅಳತೆ. ಮಳೆಗಾಲದ ಕೆಂಪು ನೀರು ಇಳಿಯುವ ತನಕ ಹೊಳೆಗೆ ಇಳಿಯುತ್ತಿರಲಿಲ್ಲ. ಅವಳ ತಲೆಯಲ್ಲಿದ್ದ ನಕ್ಷೆಯೇ ಇಲ್ಲಿ ಇಲಾಖೆಯ ಬಳಿ ಇರುವುದು.

ಹೊಳೆಯ ನೀರೇ ಬದಲಾದರೆ ಆ ಅಲಿಖಿತ ನಕ್ಷೆ ಏನಾಗುತ್ತದೆ ಎಂಬುದೂ ನಮ್ಮ ಕಡೆಯವರಿಗೆ ಗೊತ್ತು. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಸುಮಾರು ಹದಿನೈದು ವರ್ಷಗಳ ಹಿಂದೆ ಭಾರತೀಯ ವಿಜ್ಞಾನ ಸಂಸ್ಥೆಯವರು ಲೆಕ್ಕ ಹಾಕಿದಾಗ, ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿ ತೆಗೆಯುತ್ತಿದ್ದರು; ಎರಡು ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಅದರಿಂದ ಬದುಕುತ್ತಿದ್ದರು. ಪಕ್ಕದ ಶರಾವತಿಯಲ್ಲಿ ಹಾಗಿಲ್ಲ. ವಿದ್ಯುತ್ ಮಾಡಿ ಬಿಟ್ಟ ಸಿಹಿನೀರು ವರ್ಷವಿಡೀ ಅಳಿವೆಗೆ ಇಳಿದು ಉಪ್ಪು ಕಡಿಮೆಯಾಗಿ, ಹೊನ್ನಾವರದ ಹೊಳೆಯಲ್ಲಿ ಉಪ್ಪುನೀರಿನ ಬಳಚುಗಳು ಬಹುತೇಕ ಇಲ್ಲವಾದವು. ಎರಡು ಹೊಳೆಗಳ ನಡುವೆ ಒಂದು ತಾಸಿನ ದಾರಿಯೂ ಇಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಸೊಂಟಮಟ್ಟ ನೀರಲ್ಲಿ ನಿಂತು ಕಾಲಿನಿಂದಲೇ ಬಳಚು ಹುಡುಕುತ್ತಿದ್ದ ಹೆಂಗಸರು. ಅವರಿಗೆ ಅದು ಅನ್ನ, ನಮಗೆ ರಜೆಯ ಮೋಜು. ಮೋಜಿಗೆ ಹೋದವರು ಅನ್ನ ದುಡಿಯುವವರಿಗಿಂತ ಹೆಚ್ಚು ಶಿಸ್ತಿನಿಂದ ಇರಬೇಕಲ್ಲವೇ?

ಇನ್ನು ನೀರಿಗೆ ಇಳಿಯೋಣ. ಇಲ್ಲಿಯ ಕ್ಲಾಮ್ ನಮ್ಮ ಬಳಚಿಗಿಂತ ದಪ್ಪ ಚಿಪ್ಪಿನದು, ಹೆಸರು ಕ್ವಾಹಾಗ್. ಚಿಪ್ಪಿನ ಒಳಗೆ ಒಂದು ಮೂಲೆಯಲ್ಲಿ ನೇರಳೆ ಬಣ್ಣ ಇರುತ್ತದೆ. ಆ ನೇರಳೆ ಭಾಗವನ್ನು ಕೊರೆದು ಲೆನಾಪೆಯವರು ಮಣಿ ಮಾಡುತ್ತಿದ್ದರು. ಬಂದ ಯುರೋಪಿಯನ್ನರು ಆ ಮಣಿಯನ್ನೇ ದುಡ್ಡಾಗಿ ಬಳಸಿದರು. ನಮ್ಮಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡಿದರು, ಇಲ್ಲಿ ಹಣ ಮಾಡಿದರು.

ಮೊಣಕಾಲಿನಿಂದ ತೊಡೆಯವರೆಗಿನ ನೀರು ಸಾಕು. ಕೊಲ್ಲಿಯ ಬಾಯಿ ಕಿರಿದಾದ್ದರಿಂದ ಒಳಗೆ ಇಳಿತ ಭರತ ಸಣ್ಣದು, ಸಮುದ್ರಕ್ಕಿಂತ ತಡವಾಗಿಯೂ ಬರುತ್ತದೆ. ಸಮುದ್ರದ ಇಳಿತದ ವೇಳಾಪಟ್ಟಿ ನೋಡಿ ಹೋದರೆ ಸುಮ್ಮನೆ ಕಾಯಬೇಕಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಇಳಿತ ಹೆಚ್ಚು ಎಂಬ ಅಜ್ಜಿಯ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಹಳೆಯ ಶೂ, ಉದ್ದ ಪ್ಯಾಂಟ್ ಹಾಕಿಕೊಳ್ಳಿ, ಬೇಸಿಗೆಯಲ್ಲಿ ಚುಚ್ಚುವ ಲೋಳೆಮೀನು ಇರುತ್ತದೆ. ತೇಲುವ ಟ್ಯೂಬಿನ ನಡುವೆ ಬುಟ್ಟಿ ಕೂರಿಸಿ, ಅದರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡರೆ ಎರಡೂ ಕೈ ಖಾಲಿ. ಉದ್ದ ಹಲ್ಲಿನ ರೇಕನ್ನು ಮರಳಿಗೆ ಒತ್ತಿ ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ. ಕಲ್ಲಿಗೆ ತಾಗಿದರೆ ಒಂದು ಸದ್ದು, ಕ್ಲಾಮಿಗೆ ತಾಗಿದರೆ ಇನ್ನೊಂದು. ಹತ್ತು ನಿಮಿಷದಲ್ಲಿ ಕೈಗೆ ಗೊತ್ತಾಗುತ್ತದೆ. ನೀರಹುಲ್ಲಿನ ಹಾಸಿನ ಮೇಲೆ ರೇಕ್ ಎಳೆಯಬೇಡಿ, ಅದು ಮರಿಗಳ ತೊಟ್ಟಿಲು. ಅವ್ವ ಎರಡನೇ ಸಲ ಬಂದಾಗ ಲೈಸೆನ್ಸ್ ಮಾಡಿಸಿ ಅಲ್ಲಿಗೇ ಕರೆದೊಯ್ದೆ. ಐದು ನಿಮಿಷ ರೇಕ್ ಎಳೆದವಳು ಅದನ್ನು ನನ್ನ ಕೈಗೆ ಕೊಟ್ಟು, ಕಾಲಿನ ಹೆಬ್ಬೆರಳಿನಿಂದ ಮರಳು ಕೆದಕಿ ಹುಡುಕತೊಡಗಿದಳು. ನನ್ನ ಬುಟ್ಟಿಗಿಂತ ಅವಳದ್ದೇ ಮೊದಲು ತುಂಬಿತು. ಪಕ್ಕದಲ್ಲಿದ್ದ ಮುದುಕರೊಬ್ಬರು ನೋಡಿ ನಕ್ಕು, ತಮ್ಮ ತಾತನೂ ಹೀಗೇ ತುಳಿದು ಹುಡುಕುತ್ತಿದ್ದರು ಎಂದರು. ಅವ್ವನಿಗೆ ಇಂಗ್ಲಿಷ್ ಅರ್ಥವಾಗಲಿಲ್ಲ. ಅವರ ಕಾಲು ನೋಡಿ ಅರ್ಥ ಮಾಡಿಕೊಂಡಳು.

ನಾಲ್ಕು ಜನರ ಮನೆಗೆ ಐವತ್ತು ಸಾಕು. ನೂರೈವತ್ತರ ಮಿತಿ ಇದೆ ಎಂದು ನೂರೈವತ್ತೂ ತರಬೇಕಿಲ್ಲ. ತರುವಾಗ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಡಿ, ಉಸಿರುಗಟ್ಟಿ ಸಾಯುತ್ತವೆ. ಸಿಹಿನೀರಿನಲ್ಲಿ ನೆನೆಸಿಡಬೇಡಿ, ಅದರಲ್ಲೂ ಸಾಯುತ್ತವೆ. ಐಸ್ ಪೆಟ್ಟಿಗೆಯಲ್ಲಿ ತಂದು, ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿಡಿ. ಬ್ರಷ್ ಹಾಕಿ ಉಜ್ಜಿ ತೊಳೆಯಿರಿ. ಒಡೆದದ್ದು, ಬಾಯಿ ತೆರೆದು ತಟ್ಟಿದರೂ ಮುಚ್ಚದ್ದು ಕಸಕ್ಕೆ.

ದೊಡ್ಡ ಪಾತ್ರೆಗೆ ಒಂದು ಲೋಟ ನೀರು, ಮೇಲೆ ಕ್ಲಾಮ್, ಗಟ್ಟಿ ಮುಚ್ಚಳ. ಬಾಯಿ ತೆರೆದ ಮೇಲೂ ನಾಲ್ಕೈದು ನಿಮಿಷ ಬೇಯಲಿ. ಎಷ್ಟು ಹೊತ್ತಾದರೂ ತೆರೆಯದ್ದನ್ನು ಬಿಸಾಡಿ. ಬೆಂದ ನೀರನ್ನು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ, ರುಚಿಯೆಲ್ಲ ಅದರಲ್ಲೇ ಇದೆ, ಉಪ್ಪೂ ಅದರಲ್ಲೇ ಇದೆ. ಚಿಕ್ಕವನ್ನು ಅರ್ಧ ಚಿಪ್ಪಿನ ಸಮೇತ ಬಿಡಿ. ದೊಡ್ಡವು ಗಟ್ಟಿ, ಸಣ್ಣಗೆ ಹೆಚ್ಚಿ. ಹತ್ತು ಹನ್ನೆರಡು ಬ್ಯಾಡಗಿ, ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸು, ಚಿಟಿಕೆ ಮೆಂತ್ಯ ಹುರಿದು, ಬೆಳ್ಳುಳ್ಳಿ, ಅರಿಶಿನ, ಸ್ವಲ್ಪ ಹುಣಸೆ ಸೇರಿಸಿ ಪುಡಿಯಾಗುವಂತೆ ಅರೆಯಿರಿ. ಕೊನೆಗೆ ಒಂದೂವರೆ ಬಟ್ಟಲು ತೆಂಗಿನ ತುರಿ ಹಾಕಿ ಒಂದೇ ಸುತ್ತು. ತೆಂಗಿನೆಣ್ಣೆಯಲ್ಲಿ ಕರಿಬೇವು, ಈರುಳ್ಳಿ ಬಾಡಿಸಿ, ಮಸಾಲೆ ಹಾಕಿ, ಸೋಸಿದ ನೀರು ಅರ್ಧ ಲೋಟ. ಉಪ್ಪು ಹಾಕಬೇಡಿ, ಮೊದಲು ರುಚಿ ನೋಡಿ. ನೀರು ಆರುತ್ತ ಬಂದಾಗ ಕ್ಲಾಮ್ ಹಾಕಿ ಎರಡು ಮೂರು ನಿಮಿಷ ತಿರುವಿ ಇಳಿಸಿ, ಹೆಚ್ಚಾದರೆ ರಬ್ಬರಾಗುತ್ತದೆ. ಮಂಗಳೂರಿನವರು ಪುಂಡಿಯ ಜೊತೆ ಹಾಕುತ್ತೀರಿ, ನಾವು ಕುಚ್ಚಲಕ್ಕಿ ಅನ್ನಕ್ಕೆ. ಇಲ್ಲಿಯವರು ನಿಂಬೆ ಹಿಂಡಿ ಹಸಿಯಾಗಿ ನುಂಗುತ್ತಾರೆ. ನೀವು ಮಾಡಬೇಡಿ. ಬೇಸಿಗೆಯ ಬೆಚ್ಚಗಿನ ನೀರಿನಲ್ಲಿ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಯಕೃತ್ತಿನ ಕಾಯಿಲೆ ಇದ್ದವರಿಗೆ ಅದು ಪ್ರಾಣಕ್ಕೇ ಕುತ್ತು.

ಅಂಗಡಿಯಲ್ಲಿ ಲಿಟಲ್‌ನೆಕ್ ಎಂಬ ಹೆಸರಿನ ಸಣ್ಣ ಕ್ಲಾಮ್ ನೋಡಿರುತ್ತೀರಿ. ಅದು ಕ್ವೀನ್ಸ್‌ನ ಲಿಟಲ್ ನೆಕ್ ಕೊಲ್ಲಿಯಿಂದ ಬಂದ ಹೆಸರು. ಆ ಕೊಲ್ಲಿಯಲ್ಲಿ ಈಗ ಒಂದೇ ಒಂದು ಕ್ಲಾಮನ್ನೂ ತೆಗೆದು ತಿನ್ನುವಂತಿಲ್ಲ. ಹೆಸರು ಮಾರ್ಕೆಟಿನಲ್ಲಿ ಉಳಿಯಿತು, ನೀರು ಹೋಯಿತು. ಬಾರ್ನಗಟ್ ಕೊಲ್ಲಿಗೆ ಆ ಗತಿ ಬಾರದಿರಲಿ, ಅಘನಾಶಿನಿಗೂ ಬಾರದಿರಲಿ.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ಈ ಬೇಸಿಗೆಯಲ್ಲಿ ಊರಿನಿಂದ ಹಿರಿಯರು ಬಂದಾಗ ಲಿಬರ್ಟಿ ಪಾರ್ಕಿನ ದಂಡೆಯಲ್ಲಿ ಅವರ ಕೈ ಹಿಡಿದು ನಡೆಯಿರಿ, ಕಲ್ಲಿನ ಸಂದಿಗೆ ಬಗ್ಗುವ ಮೊದಲೇ ಕಾರಣ ಹೇಳಿ. ಆಮೇಲೆ ಲೈಸೆನ್ಸ್ ಮಾಡಿಸಿ, ನಕ್ಷೆ ನೋಡಿ, ಒಂದು ಶನಿವಾರ ಮಕ್ಕಳನ್ನೂ ಕೂರಿಸಿಕೊಂಡು ದಕ್ಷಿಣಕ್ಕೆ ಹೋಗಿ. ಒಂದೂವರೆ ಇಂಚಿಗಿಂತ ಚಿಕ್ಕದು ಕೈಗೆ ಬಂದರೆ ಅದನ್ನು ಮಗುವಿನ ಕೈಗೆ ಕೊಟ್ಟು ಅದರ ಕೈಯಿಂದಲೇ ನೀರಿಗೆ ಬಿಡಿಸಿ.

ಇತಿ,
ಅಘನಾಶಿನಿ ದಂಡೆಯವಳು, ಈಗ ಜರ್ನಲ್ ಸ್ಕ್ವೇರ್‌ನ ನಿಮ್ಮ ನೆರೆಯವಳು